ಕೀ ಒಂದೇ ಆದರೂ ಅಪಸ್ವರವೇಕೆ?

ಪ್ರಶ್ನೆ: ನಾನು ಡ್ರಮ್ ಆಂಡ್ ಬೇಸ್ ಎಂಬ ವೇಗದ ನೃತ್ಯಸಂಗೀತದ ಟ್ರ್ಯಾಕ್‌ಗಳನ್ನು ಮಿಕ್ಸ್ ಮಾಡಲು ಕಲಿಯುತ್ತಿದ್ದೇನೆ. 168 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟ್) ವೇಗದ ಒಂದು ಟ್ರ್ಯಾಕನ್ನು 176ಕ್ಕೆ ಏರಿಸಿ, ಅದೇ ವೇಗದ ಇನ್ನೊಂದರ ಜೊತೆ ಸೇರಿಸಿದೆ. ಎರಡರ ಕೀಯನ್ನೂ, ಎಂದರೆ ಆಧಾರ ಸ್ವರಶ್ರೇಣಿಯನ್ನೂ, ಸಾಫ್ಟ್‌ವೇರ್ 8ಎ ಎಂದೇ ತೋರಿಸುತ್ತದೆ. ತಾಳ ಕೂಡಿತು, ಸ್ವರ ಕೂಡಲಿಲ್ಲ. ವೇಗ ಬದಲಾದರೂ ಶ್ರುತಿಯನ್ನು ಹಾಗೇ ಹಿಡಿದಿಡುವ ಕೀ ಲಾಕನ್ನು ಸದಾ ಹಾಕಿಯೇ ಇಡಬೇಕೆ? ಎರಡನ್ನೂ ಎಷ್ಟು ಹೊತ್ತು ಒಟ್ಟಿಗೆ ನುಡಿಸಬಹುದು?
— ಓದುಗರೊಬ್ಬರು, ಮೈಸೂರು

ಉತ್ತರ: ಸಾಫ್ಟ್‌ವೇರ್ ಬರೆದಿಟ್ಟಿರುವ 8ಎ, ಅಂದರೆ ಎ ಮೈನರ್, ಆ ಟ್ರ್ಯಾಕ್ ತನ್ನ ಮೂಲ ವೇಗದಲ್ಲಿ ನುಡಿಯುವಾಗಿನ ಕೀ. ಕೀ ಲಾಕ್ ಇಲ್ಲದೆ ವೇಗವನ್ನು ಏರಿಸಿದರೆ ಅದರೊಂದಿಗೆ ಶ್ರುತಿಯೂ ಏರುತ್ತದೆ. ಸುಮಾರು ಶೇ. 6ರಷ್ಟು ವೇಗ ಹೆಚ್ಚಿದರೆ ಒಂದು ಸೆಮಿಟೋನ್, ಎಂದರೆ ಹಾರ್ಮೋನಿಯಂನಲ್ಲಿ ಪಕ್ಕದ ಒಂದು ಮನೆಯಷ್ಟು, ಮೇಲೇರಿದಂತಾಗುತ್ತದೆ. 168ರಿಂದ 176ಕ್ಕೆ ಹೋಗುವುದು ಶೇ. 4.8ರ ಏರಿಕೆಯಾದ್ದರಿಂದ ನಿಮ್ಮ ಟ್ರ್ಯಾಕ್ ಸುಮಾರು 0.8 ಸೆಮಿಟೋನ್ ಮೇಲೆ ಹೋಗಿ, ಬಿ ಫ್ಲಾಟ್ ಮೈನರ್‌ನ ಹತ್ತಿರ ನಿಂತಿದೆ. ಕೀಗಳಿಗೆ 8ಎಯಂಥ ಗುರುತು ಕೊಟ್ಟು ವೃತ್ತದಲ್ಲಿ ಜೋಡಿಸಿದ ಕ್ಯಾಮೆಲಾಟ್ ಚಕ್ರದಲ್ಲಿ ಅದು 3ಎ. ಶ್ರುತಿಯಲ್ಲಿ ಇಷ್ಟು ಸಮೀಪವಿರುವ ಎರಡು ಕೀಗಳು ಚಕ್ರದಲ್ಲಿ ಅಷ್ಟು ದೂರವಿರುವುದಕ್ಕೆ ಕಾರಣ, ಆ ಚಕ್ರವನ್ನು ಪಂಚಮದ ಅಂತರದಲ್ಲಿ ಜೋಡಿಸಿರುವುದು. 8ಎಗೆ ಹೊಂದುವ ನೆರೆಯವು 7ಎ, 9ಎ ಮತ್ತು 8ಬಿ ಮಾತ್ರ.

ಈ ಸಂಗೀತದಲ್ಲಿ ಅಪಸ್ವರ ಮೊದಲು ಬಯಲಾಗುವುದು ಬೇಸ್‌ನಲ್ಲಿ. ಒಂದು ಟ್ರ್ಯಾಕಿನ ಸಬ್ ಬೇಸ್ (ಅತಿ ತಗ್ಗಿನ ಬೇಸ್) 55 ಹರ್ಟ್ಜ್‌ನ ಎ ಸ್ವರವನ್ನು ಹಿಡಿದಿರುವಾಗ, ಏರಿಸಿದ ಟ್ರ್ಯಾಕಿನ ಅದೇ ಸ್ವರ 57.6 ಹರ್ಟ್ಜ್‌ನಲ್ಲಿ ನುಡಿಯುತ್ತದೆ. ಇವೆರಡೂ ಕೂಡಿದಾಗ ಸದ್ದು ಸೆಕೆಂಡಿಗೆ ಎರಡೂವರೆ ಸಲಕ್ಕಿಂತ ಹೆಚ್ಚು ಉಬ್ಬಿ ಕುಗ್ಗುತ್ತದೆ. ದೊಡ್ಡ ಸ್ಪೀಕರುಗಳಲ್ಲಿ ಅದು ಎದೆಗೇ ತಾಗುತ್ತದೆ. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಮಾತ್ರ ಕೇಳಿ ಅಭ್ಯಾಸ ಮಾಡುವವರಿಗೆ ಗೊತ್ತೇ ಆಗುವುದಿಲ್ಲ.

ಕೀ ಲಾಕ್ ಈ ತೊಂದರೆಯನ್ನು ನೀಗಿಸುತ್ತದೆ, ಆದರೆ ಪುಕ್ಕಟೆಯಾಗಿ ಅಲ್ಲ. ಅದು ಧ್ವನಿಯನ್ನು ತುಣುಕುಗಳಾಗಿ ಹಿಗ್ಗಿಸಿ ಕುಗ್ಗಿಸಿ ಜೋಡಿಸುವುದರಿಂದ ಸ್ನೇರ್ ಮತ್ತು ಹೈ-ಹ್ಯಾಟ್‌ಗಳ ಮೊನಚು ಮೊದಲು ಮಾಸುತ್ತದೆ. 174ರಿಂದ 175ಕ್ಕೆ ಹೋಗುವಾಗ ಶ್ರುತಿ ಸೆಮಿಟೋನಿನ ಹತ್ತನೆಯ ಒಂದು ಭಾಗದಷ್ಟೇ ಸರಿಯುತ್ತದೆ, ಅಲ್ಲಿ ಲಾಕಿನ ಅಗತ್ಯವೇ ಇಲ್ಲ. ನಿಮ್ಮಂತೆ ಎಂಟು ಬಿಪಿಎಂ ಏರಿಸುವಾಗ ಹಾಕಿಕೊಳ್ಳಿ, ಅಥವಾ ಎರಡನ್ನೂ 172ರಲ್ಲಿ ಕೂಡಿಸಿ ಭಾರವನ್ನು ಹಂಚಿ. ಆಗಲೂ ಲಾಕ್ ಬೇಕು, ಆದರೆ ಯಾವ ಟ್ರ್ಯಾಕನ್ನೂ ಹೆಚ್ಚು ಎಳೆದಂತಾಗುವುದಿಲ್ಲ. ಶೇ. 8ರವರೆಗೆ ಹಿಂದೆಮುಂದೆ ಸರಿಯುವ ಪಿಚ್ ಸ್ಲೈಡರ್ ಮಾತ್ರವಿದ್ದ ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್‌ಗಳಲ್ಲಿ 1990ರ ದಶಕದ ಲಂಡನ್ನಿನ ಡಿಜೆಗಳು ನುಡಿಸುತ್ತಿದ್ದಾಗ ಈ ಸೌಲಭ್ಯವಿರಲಿಲ್ಲ. ಏರಿಸಿದ ಮೇಲೆ ಯಾವುದು ಯಾವುದಕ್ಕೆ ಕೂಡುತ್ತದೆ ಎಂಬುದನ್ನು ಕಿವಿಯೇ ತೀರ್ಮಾನಿಸಬೇಕಿತ್ತು. ನೀವೂ ಸಾಫ್ಟ್‌ವೇರಿನ ಕೀಯನ್ನು ಒಮ್ಮೆ ಕೀಬೋರ್ಡಿನಲ್ಲಿ ನುಡಿಸಿ ನೋಡುವುದು ಒಳ್ಳೆಯದು. ತಿರುಚಿದ ಬೇಸ್ ಬಿಟ್ಟರೆ ರಾಗವೇ ಇಲ್ಲದ ಟ್ರ್ಯಾಕ್‌ಗಳಲ್ಲಿ ಸಾಫ್ಟ್‌ವೇರ್ ಆಗಾಗ ತಪ್ಪುತ್ತದೆ. ವೇಗವನ್ನೂ ಕೆಲವೊಮ್ಮೆ ಅರ್ಧಕ್ಕಿಳಿಸಿ, 174ರ ಬದಲು 87 ಎಂದು ಓದುತ್ತದೆ.

ಇನ್ನು ಎಷ್ಟು ಹೊತ್ತು ಎಂಬ ಪ್ರಶ್ನೆ. 176ರ ವೇಗದಲ್ಲಿ 16 ಬಾರ್‌ಗಳು (ನಾಲ್ಕು ಬೀಟಿನ ಆವರ್ತಗಳು) ಮುಗಿಯಲು ಸುಮಾರು 22 ಸೆಕೆಂಡು ಸಾಕು. ಬರುವ ಟ್ರ್ಯಾಕಿನಲ್ಲಿ ಡ್ರಮ್ ಮಾತ್ರ ಇರುವಷ್ಟು ಹೊತ್ತು ಕೀಯ ಚಿಂತೆ ಬೇಕಾಗಿಲ್ಲ, 32 ಬಾರ್ ಬೇಕಾದರೂ ಓಡಲಿ. ದೀರ್ಘವಾಗಿ ನಿಲ್ಲುವ ಸಿಂಥ್ ಸ್ವರಗಳ ಪ್ಯಾಡ್ ಅಥವಾ ಹಾಡುಗಾರಿಕೆ ಎರಡರಲ್ಲೂ ಇದ್ದಾಗ ಮಾತ್ರ ಹೊಂದುವ ಕೀಗಳನ್ನೇ ಆರಿಸಿ. ಕೀ ಹೊಂದಿದರೂ ಎರಡು ಬೇಸ್‌ಗಳು ಒಟ್ಟಿಗೆ ಇರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಒಂದೇ ಸ್ವರದ ಎರಡು ಅಲೆಗಳೂ ಒಂದನ್ನೊಂದು ಅಳಿಸಿಬಿಡಬಲ್ಲವು. ಬರುವ ಟ್ರ್ಯಾಕಿನ ಬೇಸನ್ನು ನಿಯಂತ್ರಿಸುವ ಲೋ ಗುಂಡಿಯನ್ನು ಪೂರ್ತಿ ತಗ್ಗಿಸಿಟ್ಟು, ಅದರ ಡ್ರಾಪಿನ (ಡ್ರಮ್ ಮತ್ತು ಬೇಸ್ ಪೂರ್ತಿ ಬಿರುಸಿನಿಂದ ಬಂದೆರಗುವ ಘಟ್ಟದ) ಮೊದಲ ಬೀಟಿನಲ್ಲಿ ಅದನ್ನು ಏರಿಸುವ ಗಳಿಗೆಯಲ್ಲೇ ಇನ್ನೊಂದರದ್ದನ್ನು ಇಳಿಸಿ. ಎರಡೂ ಡ್ರಾಪ್‌ಗಳನ್ನು ಒಟ್ಟಿಗೆ ಬೀಳಿಸುವ ಡಬಲ್ ಡ್ರಾಪಿಗೂ ಇದೇ ನಿಯಮ.