ಮಗ ಬಿಟ್ಟುಕೊಟ್ಟನೋ, ಸೇಫ್ಟಿ ತಡವಾದನೋ?

ಪ್ರಶ್ನೆ: ನನ್ನ ಮಗ ಇಲ್ಲಿನ ಹೈಸ್ಕೂಲ್ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಕಾರ್ನರ್‌ಬ್ಯಾಕ್, ಅಂದರೆ ಅಂಚಿನಲ್ಲಿ ನಿಲ್ಲುವ ರಕ್ಷಕ. ಕಳೆದ ಶುಕ್ರವಾರ ಎದುರಾಳಿ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಅವನ ಪಕ್ಕದಲ್ಲೇ ಓಡಿಹೋಗಿ, ಅಂಚಿನ ಗೆರೆ ಹತ್ತಿರ ಚೆಂಡು ಹಿಡಿದು ಟಚ್‌ಡೌನ್ ಮಾಡಿದ. ಸುತ್ತ ಕೂತವರೆಲ್ಲ ನನ್ನ ಮಗನನ್ನೇ ಬೈದರು. ಅವನು ಮಾತ್ರ ‘ಅಮ್ಮಾ, ಅದು ಕವರ್ 2, ಹಿಂದಿನ ಜಾಗ ನನ್ನದಲ್ಲ’ ಅಂತಾನೆ. ಏನು ಸರ್ ಈ ಕವರ್ 2, ಕವರ್ 3?
– ಒಬ್ಬ ತಾಯಿ, ಸಿಯಾಟಲ್

ಉತ್ತರ: ಅವನ ಮಾತು ನಿಜವೇ ಇರಬೇಕು ತಾಯಿ. ಬೈದವರಿಗೆ ಕವರ್ 2 ಗೊತ್ತಿಲ್ಲ, ಅಷ್ಟೇ.

ಕವರ್ 2, ಕವರ್ 3 ಎರಡೂ ಜೋನ್ ರಕ್ಷಣೆಯ ಬಗೆಗಳು. ಜೋನ್ ರಕ್ಷಣೆ ಎಂದರೆ ಮೈದಾನವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಹಂಚುವುದು. ಹನ್ನೊಂದು ಜನರಲ್ಲಿ ಸಾಮಾನ್ಯವಾಗಿ ನಾಲ್ವರು ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುತ್ತಾರೆ. 53 ಗಜಕ್ಕೂ ಮಿಕ್ಕಿದ ಅಗಲವನ್ನು ಕಾಯಲು ಉಳಿಯುವವರು ಏಳು ಜನ. ಆ ಏಳರಲ್ಲಿ ಎಷ್ಟು ಮಂದಿ ಹಿಂದೆ, ಆಳದಲ್ಲಿ ಕಾಯುತ್ತಾರೋ ಅದೇ ‘ಕವರ್’ ಪಕ್ಕದ ಅಂಕಿ. ಕ್ರಿಕೆಟ್ಟಿನಲ್ಲಿ ಬೌಂಡರಿಗೆ ಹೆಚ್ಚು ಜನರನ್ನು ಕಳಿಸಿದರೆ ಸಿಂಗಲ್ ಸಲೀಸಾಗುತ್ತದಲ್ಲ, ಲೆಕ್ಕ ಅದೇ.

ಕವರ್ 2ರಲ್ಲಿ ಇಬ್ಬರು ಸೇಫ್ಟಿಗಳು (ಎಲ್ಲರಿಗಿಂತ ಹಿಂದೆ ನಿಲ್ಲುವ ರಕ್ಷಕರು) ಹಿಂಬದಿಯನ್ನು ಅರ್ಧರ್ಧ ಹಂಚಿಕೊಳ್ಳುತ್ತಾರೆ, ಮುಂದೆ ಐವರು. ನಿಮ್ಮ ಮಗನ ಕೆಲಸ ರಿಸೀವರ್‌ನನ್ನು ಶುರುವಿನಲ್ಲೇ ಕೈಯಿಂದ ತಡೆದು, ಒಳಗಡೆಗೆ ತಳ್ಳಿ, ಅಂಚಿನ ಹತ್ತಿರದ ಜಾಗ ಕಾಯುವುದು. ಆಮೇಲೆ ರಿಸೀವರ್ ಸೇಫ್ಟಿಯ ಪಾಲು. ಆದರೆ ಸೇಫ್ಟಿ ನಡುವಿನಿಂದ ಓಡಿಬರಬೇಕು. ಅವನು ಬರುವಷ್ಟರಲ್ಲಿ, ಕಾರ್ನರ್‌ನ ಬೆನ್ನ ಹಿಂದೆ, ಗೆರೆ ಪಕ್ಕ ಒಂದು ಸಂದು ತೆರೆದಿರುತ್ತದೆ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಚೆಂಡೆಸೆಯುವುದು ಅಲ್ಲಿಗೇ. ನೀವು ನೋಡಿದ್ದು ಆ ಸಂದನ್ನೇ.

ಇನ್ನೊಂದು ಸಂದು ಇಬ್ಬರು ಸೇಫ್ಟಿಗಳ ನಡುವೆ. ಅದನ್ನು ಮುಚ್ಚಲು ನಡುವಿನ ಲೈನ್‌ಬ್ಯಾಕರ್ (ಮುಂದಿನ ಸಾಲಿನ ಹಿಂದೆ ನಿಲ್ಲುವ ರಕ್ಷಕ) ಹಿಂದಕ್ಕೆ ಓಡುವ ಪದ್ಧತಿಗೆ ಟ್ಯಾಂಪಾ 2 ಅಂತ ಹೆಸರು. ಮುಖ್ಯ ಕೋಚ್ ಟೋನಿ ಡಂಜಿ, ರಕ್ಷಣಾ ಕೋಚ್ ಮಾಂಟಿ ಕಿಫಿನ್ ಟ್ಯಾಂಪಾ ಬೇ ತಂಡದಲ್ಲಿ ಇದನ್ನು ಪಳಗಿಸಿದರು. ಡಂಜಿಯನ್ನು ತಂಡ ತೆಗೆದುಹಾಕಿದ ಮೇಲೂ ಕಿಫಿನ್ ಅಲ್ಲೇ ಉಳಿದರು, 2003ರ ಜನವರಿಯ ಸೂಪರ್ ಬೌಲ್‌ನಲ್ಲಿ (ವೃತ್ತಿಪರ ಲೀಗಿನ ಫೈನಲ್) ಆ ರಕ್ಷಣೆ ಓಕ್‌ಲ್ಯಾಂಡ್‌ನ ಐದು ಪಾಸ್ ಕಸಿದುಕೊಂಡಿತು. ನನಗೆ ಅದಕ್ಕಿಂತ ಅಚ್ಚುಕಟ್ಟಾದ ಜೋನ್ ಆಟ ಕಂಡಿಲ್ಲ.

ಕವರ್ 3ರಲ್ಲಿ ನಿಮ್ಮ ಮಗನ ಕೆಲಸವೇ ಬೇರೆ. ಇಬ್ಬರು ಕಾರ್ನರ್‌ಗಳು, ನಡುವೆ ಒಬ್ಬ ಸೇಫ್ಟಿ, ಮೂವರೂ ಹಿಂಬದಿಯ ತಲಾ ಮೂರನೇ ಒಂದು ಭಾಗ ಕಾಯುತ್ತಾರೆ. ಇನ್ನೊಬ್ಬ ಸೇಫ್ಟಿ ಮುಂದೆ ಬರುವುದರಿಂದ ಚೆಂಡು ಹಿಡಿದು ಓಡುವ ಆಟ ತಡೆಯಲು ಬಲ ಬರುತ್ತದೆ. ಅಲ್ಲಿ ರಿಸೀವರ್ ಅವನನ್ನು ದಾಟಿ ಹೋದರೆ ತಪ್ಪು ಅವನದೇ. ನಿಮ್ಮೂರ ಸೀಹಾಕ್ಸ್ 2014ರ ಸೂಪರ್ ಬೌಲ್‌ನಲ್ಲಿ ಡೆನ್ವರನ್ನು 43–8ರಿಂದ ಸೋಲಿಸಿದ ಕಾಲದಲ್ಲಿ ಅವರ ಮುಖ್ಯ ಪಟ್ಟು ಇದೇ. ಅಂಚಿನಲ್ಲಿ ರಿಚರ್ಡ್ ಶರ್ಮನ್, ನಡುವೆ ಅರ್ಲ್ ಥಾಮಸ್. ಥಾಮಸ್‌ನಷ್ಟು ವೇಗ ಇಲ್ಲದವನನ್ನು ನಡುವೆ ನಿಲ್ಲಿಸಿ ನಾಲ್ವರು ರಿಸೀವರ್‌ಗಳು ನೇರ ಓಡಿದರೆ, ಮೂವರು ಸಾಲುವುದಿಲ್ಲ. ಅದಕ್ಕೆ ಮದ್ದು ಕವರ್ 4: ಹಿಂದೆ ನಾಲ್ವರು, ಮುಂದೆ ಮೂವರೇ. ಸಣ್ಣ ಪಾಸುಗಳನ್ನು ಬಿಟ್ಟುಕೊಡಬೇಕಾಗುತ್ತದೆ.

ಮುಂದಿನ ಶುಕ್ರವಾರ ಚೆಂಡು ಬಿಟ್ಟು, ಆಟ ಶುರುವಾದ ಕೂಡಲೇ ಮಗನ ಕಾಲು ನೋಡಿ. ಹಿಂದಕ್ಕೆ ಓಡಿದರೆ ಬಹುಶಃ ಕವರ್ 3 ಅಥವಾ 4. ಮುಟ್ಟಿ ತಡೆದು ಅಲ್ಲೇ ನಿಂತರೆ ಕವರ್ 2. ಅವನನ್ನು ಒಂದು ಮಾತು ಕೇಳಿ ನೋಡಿ: ಕಳೆದ ಶುಕ್ರವಾರ ಆ ಟಚ್‌ಡೌನ್ ಹೊತ್ತಿಗೆ ಅವನ ಮುಂದಿನ ಜಾಗಕ್ಕೆ ರನ್ನಿಂಗ್ ಬ್ಯಾಕ್ (ಎದುರಾಳಿಗಳಲ್ಲಿ ಚೆಂಡು ಹಿಡಿದು ಓಡುವವನು) ಬಂದಿದ್ದನೇ? ಬಂದಿದ್ದರೆ ನಿಮ್ಮ ಮಗ ಅಲ್ಲೇ ನಿಲ್ಲಬೇಕಿತ್ತು. ಯಾರೂ ಬರದಿದ್ದರೆ ಕವರ್ 2ರಲ್ಲೂ ನಾಲ್ಕು ಹೆಜ್ಜೆ ಹಿಂದೆ ಸರಿದು ಆ ಸಂದನ್ನು ಕಿರಿದು ಮಾಡಬಹುದಿತ್ತು.