ಗ್ಲೈಡರ್ ಹೊತ್ತ ರಾಕೆಟ್ ಯಾಕೆ ವಾಲುತ್ತದೆ?

ಎರಡು ಗ್ಲೈಡರ್ (ಎಂಜಿನ್ ಇಲ್ಲದೆ ತೇಲುವ ಪುಟ್ಟ ವಿಮಾನ) ಹೊತ್ತ ಮಾಡೆಲ್ ರಾಕೆಟ್ ನೇರ ಏರದೆ ವಾಲುತ್ತದೆ ಅಂದಿರಿ. ಹೆಚ್ಚಾಗಿ ಗ್ಲೈಡರ್ ಕೂರಿಸಿದ ಜಾಗವೇ ತಪ್ಪಿರುತ್ತದೆ. ಅವುಗಳ ರೆಕ್ಕೆ ತೀರಾ ಮುಂದಿದ್ದರೆ ಗಾಳಿಯ ಒತ್ತಡದ ಕೇಂದ್ರವೂ ಮುಂದಕ್ಕೆ ಸರಿಯುತ್ತದೆ, ಆದರೆ ತೂಕದ ಕೇಂದ್ರ ಅದಕ್ಕಿಂತ ಕೊಳವೆಯ ಒಂದು ವ್ಯಾಸದಷ್ಟಾದರೂ ಮೂತಿಯ ಕಡೆಗೆ ಇರಬೇಕು. ಹಾಗಾಗಿ ಹಿಂದೆ, ಬಾಲದ ರೆಕ್ಕೆಗಳಾದ ಫಿನ್‌ಗಳ ಹತ್ತಿರ, ಎದುರುಬದುರಾಗಿ ಕೂರಿಸಿ, ಮೂತಿಯೊಳಗೆ ಸ್ವಲ್ಪ ಜೇಡಿಮಣ್ಣು ತುಂಬಿ. ಅಂಟು ಬೇಡ, ಕೊಕ್ಕೆಗೆ ಸುಮ್ನೆ ಸಿಕ್ಕಿಸಿ: ಮೋಟಾರ್ ಉರಿಯುವಾಗ ನೂಕುವ ಬಲವೇ ಹಿಡಿದಿರುತ್ತದೆ, ಆಮೇಲೆ ತಾವೇ ಕಳಚಿಕೊಳ್ಳುತ್ತವೆ. ಭಾರ ಜಾಸ್ತಿ ಅಲ್ವಾ, ಬೇಗ ಕೆಳಗೆ ತಿರುಗುತ್ತದೆ, ಅದಕ್ಕೆ ಸಿ6-5 ಮೋಟಾರ್ ಬದಲು ಸಿ6-3 ಹಾಕಿ (ಕೊನೆಯ ಅಂಕಿ ಅಂದರೆ ಉರಿ ಮುಗಿದ ಮೇಲೆ ಕಾಯುವ ಸೆಕೆಂಡು). ಉರಿ ಮುಗಿದ ಸುಮಾರು 3 ಸೆಕೆಂಡಿಗೇ ಪ್ಯಾರಾಚೂಟ್ ಹೊರಬರುತ್ತದೆ. ಗ್ಲೈಡರ್ ಚೆಂದವಾಗಿ ತೇಲಿ ಇಳಿಯುವುದೇ ಇದರ ಖುಷಿ, ಅದಕ್ಕೆ ಮೊದಲೇ ಕೈಯಿಂದ ಎಸೆದು ನೋಡಿ. ಮೂತಿ ಎತ್ತಿ ಕುಸಿದರೆ ಮುಂದೆ ಜೇಡಿಮಣ್ಣು ಅಂಟಿಸಿ, ನೆಲಕ್ಕೆ ನುಗ್ಗಿದರೆ ಸ್ವಲ್ಪ ತೆಗೆಯಿರಿ.