ಟೈಮರ್ ಕೆಲಸಕ್ಕೆ ಹೆಸರು ಕೊಡಿ

ಮಗಳನ್ನು ಈಜು ಕ್ಲಬ್ಬಿಗೆ ಸೇರಿಸಿದ್ದೀರಿ, ಒಳ್ಳೆಯದಾಯಿತು. ಫೀಸು ಕಟ್ಟಿದ ಮೇಲೂ ಅಪ್ಪ ಅಮ್ಮ ಮೀಟ್‌ನಲ್ಲಿ, ಅಂದರೆ ಈಜು ಸ್ಪರ್ಧೆಯಲ್ಲಿ, ಕೆಲಸ ಮಾಡಬೇಕು ಅಂತ ಕ್ಲಬ್ಬಿನಿಂದ ಇಮೇಲ್ ಬಂದಿದೆ. ನಮಗೆ ಈಜೇ ಬರುವುದಿಲ್ಲ, ಇಲ್ಲಿನವರ ಇಂಗ್ಲಿಷ್ ಇನ್ನೂ ಕಿವಿಗೆ ಹಿಡಿದಿಲ್ಲ, ಹೇಗಾದರೂ ತಪ್ಪಿಸಿಕೊಳ್ಳಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ತಪ್ಪಿಸಿಕೊಳ್ಳಬೇಡಿ.

ಅಮೆರಿಕದಲ್ಲಿ ಮಕ್ಕಳ ಈಜು ಸ್ಪರ್ಧೆ ನಡೆಯುವುದೇ ಹೆತ್ತವರಿಂದ. ಟೈಮ್ ನೋಡುವವರು, ಸ್ಟಾರ್ಟರ್, ರೆಫರಿ, ಕಂಪ್ಯೂಟರ್ ಮುಂದೆ ಕೂತವರು, ಹೆಚ್ಚಿನವರೆಲ್ಲ ಯಾವುದೋ ಮಗುವಿನ ಅಪ್ಪ ಅಮ್ಮಂದಿರೇ. ಸಂಬಳ ಇಲ್ಲ. ಜನ ಸಾಲದಿದ್ದರೆ ಮೀಟ್ ಶುರುವಾಗುವುದೇ ಇಲ್ಲ. ಅದಕ್ಕೇ ಎಷ್ಟೋ ಕ್ಲಬ್‌ಗಳು ಯಾರು ಎಷ್ಟು ಗಂಟೆ ಕೆಲಸ ಮಾಡಿದರು ಅಂತ ಲೆಕ್ಕ ಇಟ್ಟು, ಮಾಡದವರಿಂದ ದುಡ್ಡು ವಸೂಲಿ ಮಾಡುತ್ತವೆ.

ಮೊದಲು ಟೈಮರ್ ಆಗಿ. ಇದಕ್ಕೆ ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ. ಮೀಟ್ ಶುರುವಾಗುವ ಮುಂಚೆ ಎಲ್ಲರನ್ನೂ ಕರೆದು ಸ್ವಲ್ಪ ಹೊತ್ತು ಹೇಳಿಕೊಡುತ್ತಾರೆ, ಕೈಗೊಂದು ಸ್ಟಾಪ್‌ವಾಚ್ ಕೊಡುತ್ತಾರೆ. ಸ್ಟಾರ್ಟ್ ಆದಾಗ ಬೀಪ್ ಜೊತೆಗೆ ಒಂದು ಲೈಟೂ ಮಿಂಚುತ್ತದೆ. ಲೈಟ್ ನೋಡಿ ಒತ್ತಿ, ಬೀಪ್ ಕಿವಿಗೆ ಬೀಳುವುದು ಒಂಚೂರು ತಡವಾಗುತ್ತದೆ. ಮಗುವಿನ ಮೈ ಗೋಡೆಗೆ ತಾಗಿದ ಕೂಡಲೇ ನಿಲ್ಲಿಸಬೇಕು, ಹಾಗಾಗಿ ಅಂಚಿಗೆ ಬಂದು ಬಗ್ಗಿ ನೋಡಬೇಕು. ಕಾಲು ಒದ್ದೆಯಾಗುತ್ತದೆ, ಹಳೇ ಚಪ್ಪಲಿ ಹಾಕಿಕೊಂಡು ಹೋಗಿ. ಪೂಲ್ ಕಟ್ಟಡದ ಒಳಗಿದ್ದರೆ ಚಳಿಗಾಲದಲ್ಲೂ ಸೆಕೆ, ತೆಳು ಅಂಗಿ ಸಾಕು. ಫೋನ್ ಮಾತ್ರ ಜೇಬಿನಲ್ಲೇ ಇರಲಿ. ಮಕ್ಕಳು ಧುಮುಕುವ ಕಟ್ಟೆ (ಬ್ಲಾಕ್) ಮೇಲೆ ನಿಂತಿರುವಾಗ ಹಿಂದಿನಿಂದ ಫೋಟೊ ತೆಗೆಯುವಂತಿಲ್ಲ, ನಿಮ್ಮ ಮಗಳದ್ದೇ ಆದರೂ.

ರುಚಿ ಹತ್ತಿದರೆ ಮುಂದೆ ಸ್ಟ್ರೋಕ್ ಅಂಡ್ ಟರ್ನ್ ಜಡ್ಜ್ ಆಗಿ, ಅಂದರೆ ಮಕ್ಕಳು ನಿಯಮದ ಪ್ರಕಾರ ಈಜುತ್ತಾರಾ, ತಿರುಗುತ್ತಾರಾ ಅಂತ ನೋಡುವವರು. ನಾನು ನಿಜವಾಗಿ ಒತ್ತಾಯ ಮಾಡುವುದು ಇದಕ್ಕೇ. ಯುಎಸ್ಎ ಸ್ವಿಮ್ಮಿಂಗ್ (ಇಲ್ಲಿನ ಈಜು ಸ್ಪರ್ಧೆಗಳ ರಾಷ್ಟ್ರೀಯ ಸಂಸ್ಥೆ) ಸದಸ್ಯತ್ವ, ಬ್ಯಾಕ್‌ಗ್ರೌಂಡ್ ಚೆಕ್, ಮಕ್ಕಳ ಸುರಕ್ಷತೆ ಬಗ್ಗೆ ಆನ್‌ಲೈನ್ ತರಬೇತಿ, ನಿಯಮಗಳ ಪರೀಕ್ಷೆ, ಆಮೇಲೆ ಹಳಬರ ಪಕ್ಕ ನಿಂತು ಕಲಿಯುವುದು. ಕೇಳಲು ಉದ್ದ, ಆದರೆ ಒಂದೊಂದಾಗಿ ಮುಗಿಯುತ್ತದೆ. ಈಜು ಬರದಿದ್ದರೂ ನಡೆಯುತ್ತದೆ, ಕಣ್ಣು ಚುರುಕಾಗಿರಬೇಕು ಅಷ್ಟೇ. ಬಟರ್‌ಫ್ಲೈ, ಬ್ರೆಸ್ಟ್‌ಸ್ಟ್ರೋಕ್ ಅನ್ನುವ ಎರಡು ಈಜಿನ ಶೈಲಿಗಳಲ್ಲೂ ಗೋಡೆಯನ್ನು ಎರಡೂ ಕೈಯಿಂದ ಒಟ್ಟಿಗೆ ಮುಟ್ಟಬೇಕು. ಬ್ಯಾಕ್‌ಸ್ಟ್ರೋಕ್ ಮುಗಿಸುವಾಗ ಅಂಗಾತವೇ ಇರಬೇಕು. ಬಟರ್‌ಫ್ಲೈನಲ್ಲಿ ಧುಮುಕಿದ ಮೇಲೆ 15 ಮೀಟರ್ ಗುರುತು ದಾಟುವುದರೊಳಗೆ ತಲೆ ನೀರಿನ ಮೇಲೆ ಬರಬೇಕು.

ಎಂಟು ವರ್ಷದ ಹುಡುಗ ಬ್ರೆಸ್ಟ್‌ಸ್ಟ್ರೋಕ್ ಮುಗಿಸುವ ಆತುರದಲ್ಲಿ ಒಂದೇ ಕೈಯಲ್ಲಿ ಗೋಡೆ ಮುಟ್ಟಿದ ಅಂದುಕೊಳ್ಳಿ. ತಪ್ಪು ಕಂಡೆ ಅಂತ ತಿಳಿಸಲು ನೀವು ಕೈ ಮೇಲೆತ್ತುತ್ತೀರಿ. ಅಷ್ಟಕ್ಕೇ ಅವನು ಡಿಸ್ಕ್ವಾಲಿಫೈ ಆಗುವುದಿಲ್ಲ. ಎಲ್ಲಿ ನಿಂತಿದ್ದಿರಿ, ಕಣ್ಣಾರೆ ಕಂಡದ್ದೇನು, ಯಾವ ನಿಯಮ ಅಂತ ರೆಫರಿ ಕೇಳುತ್ತಾರೆ. ಕಂಡಿದ್ದನ್ನು ಮಾತ್ರ ಹೇಳಬೇಕು. ಹಾಗೆ ಆಗಿರಬಹುದು ಅಂತ ಊಹಿಸಿ ಹೇಳುವ ಹಾಗಿಲ್ಲ. ಅನುಮಾನ ಇದ್ದರೆ ಅದರ ಲಾಭ ಮಗುವಿಗೇ. ಈ ಒಂದು ನಿಯಮಕ್ಕೆ ನಾನು ಮನಸೋತಿದ್ದೇನೆ. ಮಗುವಿಗೆ ನೋವಾಗದಿರಲಿ ಅಂತ ತಪ್ಪನ್ನು ನೋಡದ ಹಾಗೆ ಬಿಡುವುದಿಲ್ಲ, ಗುಮಾನಿ ಮೇಲೆ ಶಿಕ್ಷೆಯನ್ನೂ ಕೊಡುವುದಿಲ್ಲ. ಪಕ್ಕದ ಲೇನ್‌ನಲ್ಲಿ ಸರಿಯಾಗಿ ಮುಟ್ಟಿದ ಮಗುವಿಗೂ ಅನ್ಯಾಯ ಆಗಬಾರದು, ಅಲ್ವಾ?

ನಿಮ್ಮ ಮಗಳೂ ಒಂದು ದಿನ ಹೀಗೆ ಡಿಸ್ಕ್ವಾಲಿಫೈ ಆಗುತ್ತಾಳೆ, ಅಳುತ್ತಾಳೆ. ಇದು ಕಲಿಯುವ ಎಲ್ಲ ಮಕ್ಕಳಿಗೂ ಆಗುವಂಥದ್ದು ಅಂತ ಮೊದಲೇ ಹೇಳಿಡಿ. ಪ್ರಶ್ನೆ ಇದ್ದರೆ ರೆಫರಿ ಹತ್ತಿರ ಕೋಚ್ ಹೋಗುತ್ತಾರೆ, ನಾವು ಹೋಗಬಾರದು.

ಇನ್ನು ಇಂಗ್ಲಿಷ್. ಟೈಮರ್ ಆಡಬೇಕಾದ ಮಾತು ತೀರಾ ಕಡಿಮೆ. ಮಗುವಿನ ಹೆಸರು ಕೇಳಿ ಹಾಳೆಯಲ್ಲಿ ನೋಡಿಕೊಂಡರೆ ಆಯಿತು. ಒಂದೇ ಲೇನ್‌ನಲ್ಲಿ ಗಂಟೆಗಟ್ಟಲೆ ಜೊತೆಗೆ ನಿಂತಾಗ ಇನ್ನೊಬ್ಬ ಟೈಮರ್ ತಾವಾಗಿ ಮಾತಿಗೆ ಬರುತ್ತಾರೆ. ಶಾಲೆ, ಡಾಕ್ಟರ್, ಮನೆ ಬಾಡಿಗೆ, ಎಲ್ಲ ಬರುತ್ತದೆ ಆ ಮಾತಿನಲ್ಲಿ. ಕಷ್ಟ ಅಂದಾಗ ಫೋನ್ ಮಾಡಬಹುದು ಅನ್ನುವಂಥ ಸ್ನೇಹಿತರು ನನಗೆ ಈ ದೇಶದಲ್ಲಿ ಮೊದಲು ಸಿಕ್ಕಿದ್ದು ಪೂಲ್ ಪಕ್ಕದಲ್ಲೇ. ಆಫೀಸಿನಲ್ಲಿ ಅಷ್ಟು ಬೇಗ ಯಾರೂ ಹತ್ತಿರವಾಗಲಿಲ್ಲ.

ಮೀಟ್ ಎರಡು ದಿನ ಇದ್ದರೆ ಎರಡೂ ದಿನ ಪೂರ್ತಿ ಒಪ್ಪಿಕೊಳ್ಳಬೇಡಿ, ಸುಸ್ತಾಗಿಬಿಡುತ್ತೀರಿ. ಮಗಳು ಈಜುವ ಸೆಷನ್ ಒಂದಕ್ಕೆ ಹೆಸರು ಬರೆಸಿ, ಹೇಗೂ ಅವತ್ತು ನೀವು ಅಲ್ಲೇ ಇರುತ್ತೀರಿ.